ಮರಿಲಿಂಗಪ್ಪನ ಕ್ಲೋರಿನ್ ಪ್ರತಾಪ

ಈ ಭೂಮಂಡಲದಲ್ಲಿ ನೀರಿನ ಮರ್ಮ ಬಲ್ಲವರು ಇಬ್ಬರೇ. ಒಬ್ಬ ವರುಣದೇವ, ಇನ್ನೊಬ್ಬ ಗೋಗಿ ರಸ್ತೆಯ ಮರಿಲಿಂಗಪ್ಪ. ವರುಣದೇವ ನಮ್ಮ ಶಹಾಪುರದ ಕಡೆ ತಲೆಹಾಕುವುದು ಅಪರೂಪವಾದ್ದರಿಂದ ಇಲ್ಲಿಯ ಕಾರಭಾರವೆಲ್ಲ ಮರಿಲಿಂಗಪ್ಪನದೇ! ಹೀಗೆಂದು ಹೇಳಿದವರು ಯಾರು ಎಂದು ಕೇಳಬೇಡಿ. ಹೇಳಿದವನು ಮರಿಲಿಂಗಪ್ಪನೇ.

ಹೇಳಿಕೊಳ್ಳುವ ಹಕ್ಕೂ ಅವನಿಗಿತ್ತು ಅನ್ನಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ. ಕೆನಾಲ್ ಬಂದ ವರ್ಷ ಗೇಟ್ ಕಾಯುವ ಕೆಲಸಕ್ಕೆ ಸೇರಿದ. ಭೀಮರಾಯನಗುಡಿ ಕ್ಯಾಂಪಿನಲ್ಲಿ ಎಂಜಿನಿಯರರು ಬಿಸಾಡಿದ ಹಳೆಯ ಪುಸ್ತಕಗಳನ್ನು ಆರಿಸಿ ತಂದು, ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷ್ ಕಲಿತ. ಕೊನೆಕೊನೆಗೆ ಆ ಎಂಜಿನಿಯರರ ಲೆಕ್ಕವನ್ನೇ ತಿದ್ದಿಕೊಡುವ ಮಟ್ಟಕ್ಕೆ ಬಂದ. ಗೇಟಿನ ಚಕ್ರವನ್ನು ಎಷ್ಟು ಸುತ್ತು ತಿರುಗಿಸಿದ್ದಾರೆ ಎಂಬುದನ್ನು ಕಣ್ಣು ಮುಚ್ಚಿ, ಬರೀ ನೀರಿನ ಸಪ್ಪಳ ಕೇಳಿ ಹೇಳುತ್ತಿದ್ದ. ರಿಟೈರ್ ಆದ ಮೇಲೂ ಈ ವಿದ್ಯೆ ಅವನನ್ನು ಬಿಡಲಿಲ್ಲ. ಹೆಂಡತಿ ದೇವಕಮ್ಮ ಒಳಗೆ ಕೊಡ ತುಂಬಿಸುತ್ತಿದ್ದರೆ ಹೊರಗಿನ ಕಟ್ಟೆಯಿಂದಲೇ ಕೂಗುತ್ತಿದ್ದ:

"ಇನ್ನ ಎರಡು ಬಟ್ಟು ಕಮ್ಮಿ ಅದ ನೋಡು!"

"ಕೊಡ ನನ್ನ ಕೈಯಾಗ ಅದ, ಬಟ್ಟು ನಿಮ್ಮ ಬಾಯಾಗ ಅವ," ಎನ್ನುತ್ತಿದ್ದಳು ದೇವಕಮ್ಮ.

ಅಂಥ ಮರಿಲಿಂಗಪ್ಪ ಒಂದು ಬೇಸಿಗೆಯಲ್ಲಿ, ರಸ್ತೆಗೆ ಹತ್ತಿದ ತನ್ನ ಹೊಲದ ಮೂಲೆಯಲ್ಲಿ ಸ್ವಿಮಿಂಗ್ ಪೂಲ್ ಕಟ್ಟಿಸಿದ. ಹೌದು, ಈಜುವ ಕೊಳ! ಐವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲ, ನಾಲ್ಕಡಿ ನೀರು. ಒಳಗೆ ಬಿಳಿ ಟೈಲ್ಸು, ಸುತ್ತ ತಗಡಿನ ಗೋಡೆ, ಬಾಗಿಲಿಗೆ ಒಂದು ಗೇಟು. ಬಿಸಿಲು ನಲವತ್ನಾಲ್ಕಕ್ಕೆ ಏರಿದಾಗ ಊರ ಹುಡುಗರು ಕೆನಾಲಿಗೆ ಜಿಗಿಯುವುದನ್ನೂ, ಕೆಲವರು ಮೇಲೆ ಬಾರದೆ ಹೋಗುವುದನ್ನೂ ಅವನು ನೌಕರಿಯುದ್ದಕ್ಕೂ ನೋಡಿದ್ದ. "ಈಜೋರು ಇಲ್ಲಿ ಈಜ್ಲಿ, ಮನಿಗೆ ಹೋಗಿ ಉಣ್ಲಿ," ಎಂಬುದು ಅವನ ಒಂದು ಕಾರಣ.

ಇನ್ನೊಂದು ಕಾರಣ ದೇವಕಮ್ಮ.

ದೇವಕಮ್ಮ ಕೆಂಭಾವಿ ಕಡೆಯ ಒಣ ಊರಿನವಳು. ಎಂಟು ಮಾರು ಹಗ್ಗ ಬಿಟ್ಟು ಬಾವಿಯಿಂದ ಒಂದು ಕೊಡ ಕೆಂಪು ನೀರು ಸೇದಿದವಳು. ಮದುವೆಯಾಗಿ ಬಂದ ಹೊಸದರಲ್ಲಿ ಕೆನಾಲಿನ ದಂಡೆಯ ಮೇಲೆ ನಿಂತು, ಅಷ್ಟೊಂದು ನೀರು ಒಟ್ಟಿಗೇ ಹೋಗುವುದನ್ನು ನೋಡಿ ಬೆರಗಾಗಿ ಕೇಳಿದ್ದಳು: "ಒಮ್ಮಿ ಇಳೀಲೇನ್ರಿ?"

"ಹುಚ್ಚಿ, ಸೆಳವು ಎಳಕೊಂಡು ಹೋಗ್ತದ. ನಿನ್ನ ಕಾಲು ನಿನಗ ಕಾಣೋವಂಥ ನೀರು ನಾನ ಕೊಡಸ್ತೀನಿ. ಆಗ ಇಳಿ," ಎಂದಿದ್ದ ಹೊಸ ಗಂಡ.

ಅದಾಗಿ ನಲವತ್ತು ವರ್ಷ. ದೇವಕಮ್ಮ ಮತ್ತೊಮ್ಮೆ ಕೇಳಿರಲಿಲ್ಲ. ಆದರೆ ಪೂಲಿಗೆ ಕೊನೆಯ ಟೈಲ್ಸು ಕೂತ ದಿನ ಬಂದು, ಸೊಂಟಕ್ಕೆ ಕೈಯಿಟ್ಟು, ನಾಲ್ಕೂ ಮೂಲೆ ನೋಡಿ ಕೇಳಿದಳು:

"ಮೊದಲ ಇಳಿಯೋರು ಯಾರು?"

"ನೀನ! ಬರೋ ಐತವಾರ ಮುಂಜಾನಿ ಹತ್ತಕ್ಕ. ಒಂದು ತಾಸು ಹೆಂಗಸರಿಗೆ. ಹನ್ನೊಂದಕ್ಕ ಗಂಡಸರಿಗೆ ಚಾಲೂ."

"ಕಾಲು ಕಾಣ್ತಾವೇನು?"

"ಕಾಲೇನು, ಕಾಲುಂಗರದ ಗೆರಿ ಕಾಣ್ತಾವ!"

"ಹಂಗಾದ್ರ ನಮ್ಮ ಹೆಂಗಸರ ಸಂಘದ ಹನ್ನೊಂದು ಮಂದಿಗೂ ಹೇಳ್ತೀನಿ. ಕಾಣಲಿಲ್ಲ ಅಂದ್ರ ಅವರ ಮುಂದ 'ನನ್ನ ಗಂಡ ಸುಳ್ಳ' ಅಂತ ಒಂದ ಮಾತು ಹೇಳಿ, ತಿರುಗಿ ಮನಿಗೆ ಹೋಗ್ತೀನಿ. ಮತ್ತ ಈ ನೀರಿನ ದಂಡಿಗಿ ಬರಂಗಿಲ್ಲ."

ದೇವಕಮ್ಮನ ಒಂದೊಂದು ಮಾತೂ ಬಂಡೆಗಲ್ಲು. ಸಂಜೆಯೊಳಗೆ ಹನ್ನೊಂದು ಮನೆಗಳಲ್ಲೂ ತಯಾರಿ ಶುರುವಾಯಿತು. ಪಕ್ಕದ ಮನೆಯ ಮಲಕಮ್ಮ ಸೊಸೆಯ ಚೂಡಿದಾರವನ್ನು ಬಗಲಲ್ಲಿ ಬಿಚ್ಚಿ, ಎರಡು ಗೇಣು ಬಟ್ಟೆ ಹಚ್ಚಿ ಹೊಲಿಸಿಕೊಂಡಳು.

ದೇವಕಮ್ಮ ಗಂಡನಿಗೆ ಒಂದು ಬುದ್ಧಿಮಾತನ್ನೂ ಹೇಳಿದಳು: "ನೀರಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು, ಚಮನಬೀನ್ನ ಕೇಳ್ರಿ. ಊರ ಟಾಕಿಗೆ ದಿನಾ ಆಕೀನ ಕ್ಲೋರಿನ್ ಹಾಕ್ತಾಳ."

ಚಮನಬೀ ನಮ್ಮೂರ ನೀರಿನ ಟಾಕಿ ನೋಡಿಕೊಳ್ಳುವವಳು. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಅವಳಿಗೆ ಬಂದಿತ್ತು. ಒಂಬತ್ತು ವರ್ಷದಿಂದ ಸೀರೆ ಕಚ್ಚೆ ಹಾಕಿ, ನಲವತ್ತೆಂಟು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿ ಇಳಿಯುತ್ತಿದ್ದಳು.

ಮರಿಲಿಂಗಪ್ಪ ಬಿಳಿ ಮೀಸೆ ತಿರುವಿದ. "ಇಡೀ ತಾಲೂಕಿನ ನೀರು ನನ್ನ ಹೆಬ್ಬೆಟ್ಟಿನ ಕೆಳಗ ಹಾದು ಹೋಗ್ಯಾದ. ನಾನು ಹೋಗಿ ಆ ಟಾಕಿ ಹುಡುಗೀನ್ನ ಕೇಳ್ಲೇನು?"

"ಹುಡುಗಿ ಅಲ್ಲ, ಆಕಿಗೂ ಮೊಮ್ಮಕ್ಕಳು ಬಂದಾವ."

"ಯಾರು ಬಂದ್ರೂ ಅಷ್ಟ!"

ಸೋಮವಾರ ನಸುಕಿನಲ್ಲೇ ಮರಿಲಿಂಗಪ್ಪನ ಸವಾರಿ ಶೇರ್ ಆಟೋದಲ್ಲಿ ಶಹಾಪುರಕ್ಕೆ ಹೊರಟಿತು. ಬಾಷುಮಿಯಾನದು ಬೀಜ-ಗೊಬ್ಬರದ ಅಂಗಡಿ. ಸುತ್ತಮುತ್ತ ನಾಲ್ಕಾರು ಪೂಲುಗಳು ಎದ್ದ ಮೇಲೆ ಅವನು ಅದರ ಔಷಧಿಯನ್ನೂ ಇಡತೊಡಗಿದ್ದ. ಬಾಗಿಲ ಹಲಗೆ ತೆಗೆಯುತ್ತಿದ್ದವನು ಹಳೆಯ ಸ್ನೇಹಿತನನ್ನು ಕೂಡಿಸಿ, ಚಹಾ ತರಿಸಿ, ಮೂರು ಡಬ್ಬಿ ಮುಂದಿಟ್ಟ.

"ಮೂರು ನಮೂನಿ ಅವ ನೋಡಣ್ಣ. ಇದು ಬ್ಲೀಚಿಂಗ್ ಪೌಡರ್. ಸಸ್ತಾ, ಖರೇ, ಆದ್ರ ಇದರ ಜೋಡಿ ಸುಣ್ಣ ಬರ್ತದ, ನೀರು ಕದಡ್ತದ. ಇದು ಕ್ಯಾನಿನಾಗಿಂದು, ನೀರಿನಂಥಾದ್ದು. ನಮ್ಮ ಬಿಸಲಾಗ ಇಟ್ರ ಎಂಟು ದಿನದಾಗ ದಮ್ಮು ಹೋಗ್ತದ. ಇದು ಗುಳಿಗಿ. ಬಿಸಲು ತಡಕೊಳ್ಳೋ ಮಸಾಲಿ ಇದರಾಗ ಕೂಡಿಸ್ಯಾರ. ನಿಂದು ಬಯಲಾಗಿನ ಪೂಲು, ಮ್ಯಾಲ ಛತ್ತಿಲ್ಲ. ಕಣ್ಣು ಮುಚ್ಚಿ ಗುಳಿಗಿ ಒಯ್ಯಿ. ಹೊತ್ತು ಮುಳುಗಿದ ಮ್ಯಾಲ ಹಾಕು."

ಮರಿಲಿಂಗಪ್ಪ ಗುಳಿಗೆಯನ್ನು ಎರಡು ಬೆರಳಲ್ಲಿ ಎತ್ತಿ, ಮೂಸಿ, ಕೆಳಗಿಟ್ಟ. "ಬಾಷುಮಿಯಾ, ನೀರಿಗೇನು ಜ್ವರ ಬಂದಾವೇನು ಗುಳಿಗಿ ನುಂಗಸಾಕ? ನಿಮ್ಮಪ್ಪ ಇದ ಅಂಗಡ್ಯಾಗ ಸೀಮೆಎಣ್ಣಿ ಮಾರತಿದ್ದಾಗ ನಾನು ಕ್ಯಾಂಪಿನ ಟಾಕಿಗೆ ಬ್ಲೀಚಿಂಗ್ ಹಾಕ್ತಿದ್ದೆ. ನನಗ ಕಲಸ್ತೀಯೇನು?"

"ಟಾಕಿಗೆ ಮುಚ್ಚಳ ಇತ್ತಲ್ಲಣ್ಣ?"

"ಇತ್ತು." ಮರಿಲಿಂಗಪ್ಪ ಚಹಾ ಗುಟುಕರಿಸಿ ಒಂದು ಕ್ಷಣ ಯೋಚಿಸಿದ. "ಅದು ಪಾರಿವಾಳ ಬೀಳಬಾರದು ಅಂತ ಹಾಕಿದ್ದು!"

ಬಾಷುಮಿಯಾ ಎರಡೂ ಕೈ ಎತ್ತಿ ಮುಗಿದ. "ಆತು, ಬ್ಲೀಚಿಂಗ್ ಒಯ್ಯಿ. ಒಂದ ಮಾತು ನಡಸಿಕೊಡು: ಈ ಮೂರರಾಗ ಯಾವ ಎರಡನ್ನೂ ಕೂಡಿಸಬ್ಯಾಡ. ಹೊಗಿ ಎದ್ದು ಗಂಟಲು ಹಿಡೀತದ."

ಮರಿಲಿಂಗಪ್ಪ ಗುರುವಾರದ ತನಕ ಯಾರ ಮಾತನ್ನಾದರೂ ಕೇಳಿದ್ದರೆ ಇದೊಂದನ್ನೇ. ಅದಕ್ಕೇ ಈ ಕಥೆ ಹಾಸ್ಯದಲ್ಲಿ ಉಳಿದಿದೆ.

ಅಂದೇ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ಬೋರಿನ ನೀರು ತುಂಬಿ ನಿಂತಿದ್ದ ಪೂಲಿನ ಮುಂದೆ ವಿಧಿ ಆರಂಭವಾಯಿತು. ಎಂಟಕ್ಕೇ ಯಾಕೆ? ಕೆನಾಲಿನಲ್ಲಿ ನೀರಿನ ಮಟ್ಟ ನೋಡಿ ಬರೆಯುವುದು ಬೆಳಿಗ್ಗೆ ಎಂಟಕ್ಕೆ. ಮೂವತ್ತೈದು ವರ್ಷ ಮರಿಲಿಂಗಪ್ಪ ನೀರಿನ ಯಾವ ಕೆಲಸವನ್ನೂ ಬೇರೆ ಹೊತ್ತಿನಲ್ಲಿ ಶುರು ಮಾಡಿದವನಲ್ಲ. ಉದ್ದ, ಅಗಲ, ಆಳ ಗುಣಿಸಿದ. ಘನಅಡಿಯನ್ನು ಲೀಟರಿಗೆ ತಂದ. ಗ್ರಾಮು ತೆಗೆದ. ಲೆಕ್ಕ ಒಂದು ಕೂದಲೆಳೆಯೂ ತಪ್ಪಿರಲಿಲ್ಲ, ಆ ಮಾತು ಇವತ್ತಿಗೂ ನಿಜ. ಆಮೇಲೆ "ಮೊದಲ ಸಲ, ಇರ್ಲಿ" ಎಂದು ಐದು ಪಟ್ಟು ಹಾಕಿದ!

ಹತ್ತು ನಿಮಿಷದಲ್ಲಿ ಪೂಲು ಕ್ಷೀರಸಾಗರವಾಯಿತು. ಒಂದು ಹಾವೂ ಒಬ್ಬ ವಿಷ್ಣುವೂ ಕಮ್ಮಿ, ಅಷ್ಟೇ.

ದೇವಕಮ್ಮ ಬಂದು ನೋಡಿದಳು. "ಇದರಾಗ ಕಾಲಲ್ಲ, ಎಮ್ಮಿ ಮುಳುಗಿದ್ರೂ ಕಾಣಂಗಿಲ್ಲ."

"ಸುಣ್ಣ ಕೆಳಗ ಕೂಡ್ತದ, ತಡಿ. ಔಷಧಿ ಕೆಲಸ ಮಾಡಾಕತ್ತದ. ಮೂಗಿಗೆ ಬಡಿಯಾಕತ್ತಿಲ್ಲೇನು ವಾಸನಿ?"

ವಾಸನೆ ಬಡಿಯುತ್ತಿತ್ತು, ನಿಜ. ಆದರೆ ಮಧ್ಯಾಹ್ನ ಮೂರಕ್ಕೆ ಮರಿಲಿಂಗಪ್ಪ ದಂಡೆಯಲ್ಲಿ ಬಗ್ಗಿ ಮೂಸಿದರೆ, ವಾಸನೆ ಮಾಯ! ಮಳೆ ಬಂದುಹೋದ ಹಾಗೆ ಸಪ್ಪೆ. "ಬಾಷುಮಿಯಾ ಡೂಪ್ಲಿಕೇಟ್ ಕೊಟ್ಟಾನ!" ಎಂದು ಗುಡುಗಿ, ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಅಷ್ಟೇ ಹಾಕಿದ. ಮತ್ತೆ ಹಾಲು, ಮತ್ತೆ ಮೂರಕ್ಕೆ ಸಪ್ಪೆ. ಬುಧವಾರ ಬೆಳಿಗ್ಗೆ ನೋಡಿದರೆ ಸುಣ್ಣವೇನೋ ತಳಕ್ಕೆ ಕೂತಿತ್ತು. ಅದರ ಮೇಲೆ, ಟೈಲ್ಸಿನ ಸಂದುಗಳಲ್ಲಿ, ಗೋಡೆಯ ಉದ್ದಕ್ಕೂ ಎಳೆ ಹಸಿರು ಪಾಚಿ ಮುಗುಳ್ನಗುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ತಲೆಮೇಲೆ ಕೈ ಹೊತ್ತು ಕೂಡುತ್ತಿದ್ದರು. ಮರಿಲಿಂಗಪ್ಪ ನಕ್ಕ! ಒಳಗೆ ಹೋಗಿ, ಅಟ್ಟದ ಮೇಲಿಂದ ಅಪ್ಪನ ಕಾಲದ ಡಬ್ಬಿ ಇಳಿಸಿದ. ಅದರಲ್ಲಿ ನೀಲಿ ಹರಳಿನ ಮೈಲುತುತ್ತ ಇತ್ತು. ಜೋಳದ ಬೀಜಕ್ಕೆ ರೋಗ ಬರಬಾರದೆಂದು ಹಿಂದಿನವರು ಬಳಸುತ್ತಿದ್ದದ್ದು ಅದು.

"ಅದನ್ನ್ಯಾಕ ತೆಗದ್ರಿ?" ಎಂದಳು ದೇವಕಮ್ಮ.

"ಪಾಚಿಗೆ ಇದು ಯಮ! ಪುಸ್ತಕದಾಗೂ ಅದ."

"ಎಷ್ಟು ಹಾಕಬೇಕಂತ ಅದ?"

"ಚಿಟಿಕಿ ಅಂತ ಅದ. ಅದು ಊರು ತುಂಬ ತಂಪಿರೋ ದೇಶದವರು ಬರದಿದ್ದು. ನಮ್ಮ ಪಾಚಿ ಶಹಾಪುರದ ಬಿಸಲಾಗ ಹುಟ್ಟಿದ್ದು, ಗಟ್ಟಿ ಪಾಚಿ. ಚಿಟಿಕಿಗೆ ಸಾಯ್ತದೇನು?"

ಹರಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಗಂಟುಕಟ್ಟಿ, ಬಿದಿರು ಗಳಕ್ಕೆ ತೂಗುಹಾಕಿ, ನೀರಲ್ಲಿ ಎಳೆಯುತ್ತ ಪೂಲಿನ ಸುತ್ತ ಏಳು ಪ್ರದಕ್ಷಿಣೆ ಹಾಕಿದ. ನೋಡನೋಡುತ್ತ ನೀರು ನೀಲಿಯಾಯಿತು. ಎಂಥ ನೀಲಿ ಅಂತೀರಿ! ಕ್ಯಾಲೆಂಡರಿನ ಸಮುದ್ರ! ಕೆಳಗೆ ಸುಣ್ಣವೂ ಕಾಣದು, ಪಾಚಿಯೂ ಕಾಣದು, ಎಲ್ಲ ನೀಲಿಯೊಳಗೆ ಮುಚ್ಚಿಹೋಯಿತು. ಇದರ ಮೇಲೆ ಕಲಶವಿಟ್ಟಂತೆ ಉಳಿದ ಬ್ಲೀಚಿಂಗನ್ನೂ ಸುರಿದ. ಸಂಜೆ ನಾಲ್ಕಾರು ಮಂದಿ ದಾರಿಹೋಕರನ್ನು ಕರೆದು, ಪಟ್ಟಾಪಟ್ಟಿ ಚಡ್ಡಿಯಲ್ಲಿ ತಾನೇ ನೀರಿಗಿಳಿದು, ತಲೆ ಮುಳುಗಿಸಿ ಎದ್ದು, ಎರಡು ತಾಸು ಅಂಗಾತ ತೇಲಿದ. ಕಾಲಿನ ಹೆಬ್ಬೆರಳು ಎರಡು, ಹೊಟ್ಟೆ ಒಂದು, ಮೀಸೆಯ ತುದಿ ಎರಡು. ಐದೂ ನೀರಿನ ಮೇಲೆ ರಾಜಠೀವಿಯಲ್ಲಿ ಮೆರೆದವು.

"ನೀರು ಅಂದ್ರ ಹಿಂಗಿರಬೇಕು!" ಎಂದು ಆಕಾಶಕ್ಕೆ ಹೇಳಿದ.

ಗುರುವಾರ ಬೆಳಿಗ್ಗೆ ಮಲಕಮ್ಮ ಚೂಡಿದಾರದ ಜೊತೆ ವೇಲು ಬೇಕೋ ಬೇಡವೋ ಕೇಳಲೆಂದು ಬಂದಳು. ಮರಿಲಿಂಗಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಮಲಕಮ್ಮ ಅವನನ್ನು ನೋಡಿದವಳೇ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಕೂಗಿದಳು:

"ದೇವಕ್ಕಾ! ಲಗೂನ ಬಾರವ್ವಾ! ಕಾಕಾನ ಮೀಸ್ಯಾಗ ಮೆಂತೆಪಲ್ಯ ಬೆಳದದ!"

ಮರಿಲಿಂಗಪ್ಪ ಒಳಗೆ ಓಡಿ ಕನ್ನಡಿ ಹಿಡಿದ. ಮೂವತ್ತು ವರ್ಷ ಕೊಬ್ಬರಿ ಎಣ್ಣೆಯಲ್ಲಿ ಸಾಕಿದ, ಬೆಳ್ಳಗೆ ಹೊಳೆಯುವ ಅವನ ಮೀಸೆ ಹಸಿರಾಗಿತ್ತು! ತಲೆಯ ಸುತ್ತ ಉಳಿದಿದ್ದ ನಾಲ್ಕು ಬಿಳಿ ಕೂದಲೂ ಹಸಿರು. ಹುಬ್ಬು ಸಹ! ನಾಟಿ ಮಾಡಿ ಇಪ್ಪತ್ತು ದಿನವಾದ ಭತ್ತದ ಗದ್ದೆ ಕನ್ನಡಿಯೊಳಗಿಂದ ಅವನನ್ನೇ ನೋಡುತ್ತಿತ್ತು. ಸೋಪು ಹಚ್ಚಿದ. ಸೀಗೆಕಾಯಿ ಹಚ್ಚಿದ. ಪಾತ್ರೆ ತಿಕ್ಕುವ ಬೂದಿ ಹಚ್ಚಿದ. ಪ್ರತಿಸಲ ತೊಳೆದಾಗಲೂ ಬೆಳೆ ಇನ್ನಷ್ಟು ಹುಲುಸಾಗಿ ಕಂಡಿತು.

ದೇವಕಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳು ನಗಲಿಲ್ಲ. ನಕ್ಕಿದ್ದರೆ ಮರಿಲಿಂಗಪ್ಪ ಬಯ್ದು ಹಗುರಾಗುತ್ತಿದ್ದ.

"ಆ ನೀರಿಗೆ ನಾನು ಇಳೀಬೇಕೇನ್ರಿ?"

ಮರಿಲಿಂಗಪ್ಪ ಕನ್ನಡಿಯನ್ನು ಮಗುಚಿಟ್ಟ.

"ಇರ್ಲಿ ಬಿಡ್ರಿ. ಇಷ್ಟು ವರ್ಷ ಇಳೀದ ಏನು ಸತ್ತೀನೇನು? ಐತವಾರ ಇಲ್ಲ ಅಂತ ಹನ್ನೊಂದು ಮನಿಗೂ ಹೇಳಿ ಬರ್ತೀನಿ." ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡಳು. 'ನನ್ನ ಗಂಡ ಸುಳ್ಳ' ಎಂಬ ಮಾತನ್ನು ಅವಳು ಎತ್ತಲೇ ಇಲ್ಲ. ಎತ್ತದೆ ಬಿಟ್ಟದ್ದೇ ಮರಿಲಿಂಗಪ್ಪನ ಎದೆಗೆ ಹಾರೆಯಂತೆ ನಾಟಿತು.

"ತಡಿ!" ಎಂದ. "ಯಾರ ಮನಿಗೂ ಹೋಗಬ್ಯಾಡ. ನಾನು... ನಾನ ಒಂದು ಮನಿಗೆ ಹೋಗಿ ಬರ್ತೀನಿ."

ಟವೆಲನ್ನು ಕಣ್ಣಿನ ಕೆಳಗಿನವರೆಗೂ ಸುತ್ತಿಕೊಂಡು, ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಹಿತ್ತಲ ದಾರಿಯಿಂದ ಚಮನಬೀ ಮನೆ ಸೇರಿದ. ಒಂಬತ್ತು ವರ್ಷದಲ್ಲಿ ಅವನು ಆ ಹೊಸ್ತಿಲಿಗೆ ಬಂದದ್ದು ಅದೇ ಮೊದಲು.

"ಬರ್ರಿ ಕಾಕಾ, ಕೂಡ್ರಿ. ಮಾರಿಗ್ಯಾಕ ಟವಲ ಸುತ್ತೀರಿ?"

"ಹಲ್ಲು ನೋವು."

"ಹುಬ್ಬಿಗೂ ಹಲ್ಲು ಬಂದಾವೇನು? ಹಸರು ಕಾಣಾಕತ್ತದ."

ಮರಿಲಿಂಗಪ್ಪ ಸುಮ್ಮನೆ ಟವೆಲು ಬಿಚ್ಚಿದ. ಚಮನಬೀ ಒಂದು ಕ್ಷಣ ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ನೀರು ತರ್ತೀನಿ, ಕೂಡ್ರಿ" ಎಂದು ಪರದೆಯ ಹಿಂದೆ ಹೋದಳು. ಅಲ್ಲಿಂದ ಮೊದಲು ಒಂದು ತಾಟು ಬಿದ್ದ ಸದ್ದು, ಆಮೇಲೆ ಚಂಬು ಉರುಳಿದ ಸದ್ದು, ಆಮೇಲೆ ದಿಂಬಿನಲ್ಲಿ ಬಾಯಿಟ್ಟು ಯಾರೋ ಉಸಿರು ಕಟ್ಟುತ್ತಿರುವ ಸದ್ದು ಕೇಳಿಸಿತು. ಐದು ನಿಮಿಷದ ಮೇಲೆ ನೀರು ತಂದಳು. ಕಣ್ಣು ಕೆಂಪಾಗಿದ್ದವು.

"ಮೈಲುತುತ್ತ ಹಾಕೀರಿ."

"ಹೂಂ."

"ಬ್ಲೀಚಿಂಗೂ ಹಾಕೀರಿ."

"ಹೂಂ."

"ತಾಮ್ರದ ಔಷಧಿ ಅದು ಕಾಕಾ. ಬ್ಲೀಚಿಂಗ್ ಜೋಡಿ ಕೂಡಿ ಬಿಳಿ ಕೂದಲ ಮ್ಯಾಲ ಕೂಡ್ತದ. ನಡೀರಿ, ನೀರು ನೋಡೂಣು."

ಪೂಲಿನ ದಂಡೆಗೆ ಬಂದು ಚಮನಬೀ ಸೆರಗಿನ ಗಂಟಿನಿಂದ ಕಿರುಬೆರಳಿನಷ್ಟು ಗಾಜಿನ ನಳಿಗೆಯನ್ನೂ ಒಂದು ಸಣ್ಣ ಶೀಶೆಯನ್ನೂ ತೆಗೆದಳು. ಪೂಲಿನ ನೀರು ತುಂಬಿ, ಶೀಶೆಯಿಂದ ಒಂದು ಹನಿ ಬಿಟ್ಟು, ಬಿಸಿಲಿಗೆ ಹಿಡಿದಳು.

"ಹಳದಿ ಆದ್ರ ಕ್ಲೋರಿನ್ ಜೀವಂತ ಅದ. ಆಗಲಿಲ್ಲ ಅಂದ್ರ ಸತ್ತದ."

ಇಬ್ಬರೂ ಕಣ್ಣು ಕಿರಿದು ಮಾಡಿ ನೋಡಿದರು. ನಳಿಗೆ ಇದ್ದ ಹಾಗೇ ಇತ್ತು.

"ಮೂರು ದಿನ ಹಾಕೀನಲ್ಲ!" ಎಂದು ಮರಿಲಿಂಗಪ್ಪ ಕೂಗಿದ. "ಡಬ್ಬಿಗಟ್ಟಲೆ ಹಾಕೀನಿ! ಎಲ್ಲಿ ಹೋತು?"

"ಸೂರ್ಯ ತಿಂದಾನ. ಎಷ್ಟೊತ್ತಿಗೆ ಹಾಕಿದ್ರಿ?"

"ಮುಂಜಾನಿ ಎಂಟಕ್ಕ. ಗೇಜ್ ನೋಡೋ ಹೊತ್ತಿಗೆ."

"ಅದ ಮತ್ತ! ಬಿಸಲೇರೋ ಹೊತ್ತಿಗೆ ಹಾಕಿ, ದಿನಾ ಸೂರ್ಯಗ ನಾಷ್ಟಾ ಮಾಡಿಸೀರಿ. ಅಂವ ತಿಂದು ತೇಗಿ ಮುಳುಗ್ಯಾನ. ಇಡೀ ರಾತ್ರಿ ನೀರಾಗ ಏನೂ ಇಲ್ಲ, ಪಾಚಿ ಹುಟ್ಟಲಾರದ ಏನು ಮಾಡ್ತದ? ನಮ್ಮ ಟಾಕಿಗೆ ಮುಚ್ಚಳ ಅದ, ಬ್ಲೀಚಿಂಗ್ ನಡೀತದ. ಬಯಲಾಗಿನ ನೀರಿಗೆ ಗುಳಿಗೀನ ಬೇಕು. ಅದನ್ನೂ ಹೊತ್ತು ಮುಳುಗಿದ ಮ್ಯಾಲ ಹಾಕಬೇಕು."

ಮುಚ್ಚಳ! ಆ ಮುಚ್ಚಳದ ಮಾತು ಸೋಮವಾರವೇ ಕಿವಿಗೆ ಬಿದ್ದಿತ್ತು. ಪಾರಿವಾಳಗಳು ಮರಿಲಿಂಗಪ್ಪನ ಕಣ್ಣಮುಂದೆ ಹಾರಿಹೋದವು.

"ಐತವಾರದೊಳಗ ಆಗ್ತದೇನು, ಚಮನಬೀ?" ಎಂದು ಕೇಳಿದ. ಅಷ್ಟು ಮೆತ್ತಗೆ ಅವನು ಎಂಜಿನಿಯರರ ಮುಂದೆಯೂ ಮಾತಾಡಿರಲಿಲ್ಲ. "ದೇವಕಿಗೆ ಮಾತು ಕೊಟ್ಟೀನಿ."

ಚಮನಬೀ ಬೆರಳು ಮಡಿಸಿ ಎಣಿಸಿದಳು. "ಆಗ್ತದ. ಆದ್ರ ನಾ ಹೇಳಿದ್ದಕ್ಕ 'ಪುಸ್ತಕದಾಗ ಹಂಗಿಲ್ಲ' ಅನಬಾರದು."

"ಅನ್ನಂಗಿಲ್ಲ."

"ಅಂದ್ರ ನಾ ಏಣಿ ಹತ್ತಿ ಕೂತುಬಿಡ್ತೀನಿ."

"ಅನ್ನಂಗಿಲ್ಲ ಅಂದೆ ತಾಯಿ!"

ಅಲ್ಲಿಂದ ಮೂರು ದಿನ ಮರಿಲಿಂಗಪ್ಪ ಮಾಡಿದ ಕೆಲಸವನ್ನು ಕೆನಾಲು ತೋಡಿದವರೂ ಮಾಡಿರಲಿಲ್ಲ. ಆ ನೀಲಿ ನೀರನ್ನು ಹೊಲಕ್ಕೆ ಬಿಟ್ಟರೆ ಬೆಳೆ ಸುಡುತ್ತದೆಂದು ಪಂಪು ಹಚ್ಚಿ ಹಳೆಯ ಕಲ್ಲು ಕ್ವಾರಿಯ ಬರಿದು ತಗ್ಗಿಗೆ ಎತ್ತಿದರು. ಬರಿದಾದ ಪೂಲಿನೊಳಗೆ ಮರಿಲಿಂಗಪ್ಪ ಮಂಡಿಯೂರಿ, ತೆಂಗಿನ ಕತ್ತ ಹಿಡಿದು, ಒಂದೊಂದೇ ಟೈಲ್ಸಿನ ಸುಣ್ಣ, ಪಾಚಿ ತಿಕ್ಕಿದ. ಮೇಲಿನಿಂದ ಚಮನಬೀ: "ಕಾಕಾ, ಆ ಮೂಲ್ಯಾಗ ಇನ್ನೊಂದು ಕೈ!" ಶುಕ್ರವಾರ, ಶನಿವಾರ ಕರೆಂಟು ಇದ್ದಷ್ಟು ಹೊತ್ತೂ ಬೋರಿನ ನೀರು ತುಂಬಿತು. ನಡುವೆ ಗುಳಿಗೆ ತರಲು ಶಹಾಪುರಕ್ಕೆ ಮತ್ತೆ ಹೋಗಬೇಕಾಯಿತು. ಬಾಷುಮಿಯಾ ಒಂದೂ ಪ್ರಶ್ನೆ ಕೇಳದೆ ಗುಳಿಗೆ ಕಟ್ಟಿಕೊಟ್ಟ. ಟವೆಲು ಸುತ್ತಿದ ಮುಖವನ್ನು ಮಾತ್ರ ಎರಡು ಸಲ ನೋಡಿದ.

"ಪೂಲಿಗೆ ಹಾಕೋ ಮುಚ್ಚಳ ಮಾರಿಗೆ ಹಾಕೀಯಲ್ಲಣ್ಣ!"

ಮರಿಲಿಂಗಪ್ಪ ನುಂಗಿಕೊಂಡ. ಗುಳಿಗೆಯನ್ನಲ್ಲ, ಮಾತನ್ನು.

ಶನಿವಾರ ಹೊತ್ತು ಮುಳುಗಿದ ಮೇಲೆ, ಚಮನಬೀ ಹೇಳಿದಷ್ಟೇ ಗುಳಿಗೆಯನ್ನು ಬಕೆಟ್ ನೀರಿನಲ್ಲಿ ಕರಗಿಸಿ, ಹೇಳಿದ ಕಡೆಯಿಂದ, ಹೇಳಿದಷ್ಟು ನಿಧಾನವಾಗಿ ಸುರಿದ. "ಇರ್ಲಿ" ಎಂದು ಒಂದು ಗುಳಿಗೆಯನ್ನೂ ಹೆಚ್ಚು ಹಾಕಲಿಲ್ಲ. ಕೈ ತುರಿಸಿತು, ತಡೆದುಕೊಂಡ. ಆಮೇಲೆ ದೇವಕಮ್ಮ ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ನಿಂಬೆಹಣ್ಣು ಮೊಸರು ಕಲಸಿ ಮೀಸೆಗೆ ತಿಕ್ಕಿದಳು.

"ಬೋಳಿಸಿಬಿಡ್ರಿ ಅತ್ಲಾಗ."

"ಬೋಳಸಂಗಿಲ್ಲ. ನಾ ಬೆಳದ ಬೆಳಿ, ನಾನ ಹೊತಗೊಂಡು ತಿರಗ್ತೀನಿ."

ಆಗ ದೇವಕಮ್ಮ ನಕ್ಕಳು. ಗುರುವಾರದಿಂದ ಹಿಡಿದಿಟ್ಟ ನಗು. ಕೈಯಲ್ಲಿದ್ದ ಮೊಸರಿನ ಬಟ್ಟಲು ಅವನ ತೊಡೆಯ ಮೇಲೆ ಬಿತ್ತು. ತಿಕ್ಕಿ ತಿಕ್ಕಿ ಮೀಸೆ ಕೊನೆಗೆ ಒಣಹುಲ್ಲಿನ ಬಣ್ಣಕ್ಕೆ ಬಂದಿತು.

ಭಾನುವಾರ ಬೆಳಗಾಯಿತು. ಮರಿಲಿಂಗಪ್ಪ ಪೂಲಿನ ದಂಡೆಗೆ ಬಂದು ನಿಂತ. ಅಲ್ಲಿ ನೀರಿದೆಯೋ ಇಲ್ಲವೋ ಎಂದು ಒಂದು ಗಳಿಗೆ ಅನುಮಾನವಾಯಿತು! ತಳದ ಟೈಲ್ಸಿನ ಒಂದೊಂದು ಸಂದೂ ಎಣಿಸಬಹುದು. ಮೂಲೆಯಲ್ಲಿ ಗಾರೆಯವನು ಬಿಟ್ಟುಹೋದ ಬೆರಳ ಗುರುತೂ ಕಾಣುತ್ತಿತ್ತು. ಚಮನಬೀ ನಳಿಗೆ ತುಂಬಿ ಹನಿ ಬಿಟ್ಟಳು. ತೆಳ್ಳಗೆ, ಕುಸುಬೆ ಹೂವಿನಂತೆ, ಹಳದಿ ಮೂಡಿತು.

"ಜೀವಂತ ಅದ ಕಾಕಾ."

ಮರಿಲಿಂಗಪ್ಪನ ಎದೆ ಮೂರು ಗೇಣು ಉಬ್ಬಿತು. ಹತ್ತಕ್ಕೆ ಹನ್ನೊಂದು ಮಂದಿ ಹೆಂಗಸರೂ ಬಂದರು. ಕೆಲವರು ನೈಟಿ, ಕೆಲವರು ಹಳೆಯ ಸೀರೆ ಕಚ್ಚೆ, ಮಲಕಮ್ಮ ಅಗಲವಾದ ಚೂಡಿದಾರ. ಮರಿಲಿಂಗಪ್ಪ ಮೆಟ್ಟಿಲ ಬಳಿ ನಿಂತು, ದೇವಕಮ್ಮನ ಕೈ ಹಿಡಿದು ಇಳಿಸಲು ಕೈ ಚಾಚಿದ. ಚಮನಬೀ ಅವನ ರೆಟ್ಟೆ ಹಿಡಿದು ಗೇಟಿನ ಕಡೆ ತಿರುಗಿಸಿದಳು.

"ಹೆಂಗಸರ ಟೈಮು ಕಾಕಾ. ನೀವು ಹೊರಗ."

"ನಾನು ಮಾಲಕ!"

"ಮಾಲಕರೂ ಗಂಡಸರ ಹೌದಲ್ಲ?"

ಗೇಟು ಮುಚ್ಚಿತು. ಮರಿಲಿಂಗಪ್ಪ ತಗಡಿಗೆ ಕಿವಿ ಹಚ್ಚಿ ನಿಂತ. ಬಿಸಿ ತಗಡು ಕಿವಿ ಸುಟ್ಟಿತು; ಕಿವಿ ಬದಲಿಸಿದ. ಒಳಗೆ ಒಂದು ಮೆಟ್ಟಿಲು ಇಳಿದ ಸಪ್ಪಳ. ಎರಡನೆಯದು. ಮೂರನೆಯದು. ಅವನಿಗೆ ನೀರಿನ ಸಪ್ಪಳವೆಲ್ಲ ಗೊತ್ತು. ಈಗ ಮೊಣಕಾಲು, ಈಗ ಸೊಂಟ.

"ಕಾಣ್ತಾವ್ರಿ!" ದೇವಕಮ್ಮನ ಕೂಗು ತಗಡು ದಾಟಿ ಬಂತು. "ಕಾಲು ಕಾಣ್ತಾವ! ಎರಡೂ ಕಾಣ್ತಾವ!"

ಮರಿಲಿಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಬೆವರು ಅನ್ನಿ, ಅವನೂ ಹಾಗೇ ಹೇಳಿದ.

ಆಮೇಲೆ ಒಳಗೆ ನಡೆದದ್ದು ಬರೆಯಲು ಬರುವುದಿಲ್ಲ. ಹನ್ನೆರಡು ಹೆಂಗಸರು ಒಟ್ಟಿಗೇ ನೀರು ಬಡಿದು, ಕೂಗಿ, ಒಬ್ಬರನ್ನೊಬ್ಬರು ಮುಳುಗಿಸಿ, ಮಲಕಮ್ಮನ ಚೂಡಿದಾರದೊಳಗೆ ಗಾಳಿ ತುಂಬಿ ಅವಳು ಬಲೂನಿನಂತೆ ಮೇಲೆದ್ದಾಗ ಹೊಟ್ಟೆ ಹಿಡಿದು ನಕ್ಕು, ಗೋಗಿಯವರೆಗೂ ಕೇಳುವ ಹಾಗೆ ಗದ್ದಲ ಮಾಡಿದರು.

ಹನ್ನೊಂದಾಯಿತು. ಗೇಟಿನ ಮುಂದೆ ಗಂಡಸರ ಸಾಲು ಹನುಮನ ಬಾಲವಾಯಿತು. ಹೆಗಲ ಮೇಲೆ ಟವೆಲು, ಕೊರಳಲ್ಲಿ ಟ್ರ್ಯಾಕ್ಟರಿನ ಟ್ಯೂಬು, ತಲೆಯ ಮೇಲೆ ಕೆಂಡದಂಥ ಸೂರ್ಯ. ಹನ್ನೊಂದೂವರೆಯಾಯಿತು. "ಯಾವಾಗ ಬಿಡ್ತೀರಿ ಕಾಕಾ?" ಎಂದು ನಲವತ್ತು ಬಾಯಿ ಕೇಳತೊಡಗಿದವು. ಹನ್ನೆರಡಕ್ಕೆ ಮರಿಲಿಂಗಪ್ಪ ಗೇಟು ಬಡಿದ.

"ದೇವಕೀ! ಟೈಮು ಮುಗದ ಒಂದು ತಾಸಾತು! ಮಂದಿ ನಿಂತಾರ!"

ಒಳಗೆ ಸದ್ದಡಗಿತು. ನೀರಿನ ನಡುವಿನಿಂದ, ಅವಸರವಿಲ್ಲದ, ತಣ್ಣಗಾದ ದನಿ ಬಂತು:

"ಕೆನಾಲ್ ಬಂದು ನಲವತ್ತು ವರ್ಷ ಆತಲ್ರಿ? ಸುತ್ತ ಹತ್ತೂರಿಗೆ ಪಾಳಿ ಹಚ್ಚಿ ನೀರು ಬಿಟ್ರಿ. ನನ್ನ ಪಾಳಿ ಇವತ್ತ ಬಂದದ. ಮುಗದ ಮ್ಯಾಲ ಹೇಳಿ ಕಳಸ್ತೀನಿ. ಅಲ್ಲೀತನಕ ಹೊರಗ ಕೂಡ್ರಿ!"

ಒಳಗೆ ಮತ್ತೆ ಧಬಧಬ ನೀರು ಬಡಿಯುವ ಸದ್ದು ಎದ್ದಿತು. ಮರಿಲಿಂಗಪ್ಪ ನಿಧಾನವಾಗಿ ಸಾಲಿನ ಕಡೆ ತಿರುಗಿದ. ಒಣಹುಲ್ಲಿನ ಮೀಸೆಯನ್ನು ಎರಡೂ ಕೈಯಿಂದ ಮೇಲಕ್ಕೆ ತಿರುವಿದ. ಕಾಲುವೆಯ ತುದಿಯ ರೈತರು ನೀರಿಗಾಗಿ ಬಂದು ನಿಂತಾಗ ಮೂವತ್ತೈದು ವರ್ಷ ಯಾವ ಗಂಟಲಿನಲ್ಲಿ ಉತ್ತರ ಕೊಟ್ಟಿದ್ದನೋ ಅದೇ ಸರ್ಕಾರಿ ಗಂಟಲಿನಲ್ಲಿ, ಎದೆ ಸೆಟೆದು ಘೋಷಿಸಿದ:

"ಮ್ಯಾಲಿನಿಂದ ಆರ್ಡರ್ ಬಂದದ. ಇವತ್ತು ನೀರು ಬಂದ್!"